ದಾಖಲೆಯ ಎರಡನೆಯ ಪ್ರತಿ

(ಶತಮಾನೋತ್ಸವ ಉಪನ್ಯಾಸ ಮಾಲಿಕೆಯಲ್ಲಿ ಶಾಲೆಯ ಹಳೆ ವಿದ್ಯಾರ್ಥಿಗಳಿಬ್ಬರು ಜೊತೆಯಾಗಿ ನೀಡಿದ ಉಪನ್ಯಾಸದ ಪಠ್ಯ)



ಈ ಶಾಲೆಯಲ್ಲಿ ಏಳು ವರ್ಷ ಒಂದೇ ಬೆಂಚಿನಲ್ಲಿ ಕುಳಿತ ನಾವಿಬ್ಬರು ಇಂದು ಒಂದೇ ಮೈಕಿನ ಮುಂದೆ ನಿಂತಿದ್ದೇವೆ. ನಮ್ಮಿಬ್ಬರ ಕಸುಬೂ ಒಂದೇ. ಬ್ಯಾಂಕು, ಆಸ್ಪತ್ರೆ, ರೈಲ್ವೆ ಟಿಕೇಟು, ವಿದ್ಯುತ್ ಬಿಲ್ಲು ಇವೆಲ್ಲದರ ಹಿಂದೆ ಕಣ್ಣಿಗೆ ಕಾಣದ ಒಂದು ಲೆಕ್ಕದ ಪುಸ್ತಕವಿರುತ್ತದೆ. ಅದನ್ನು ಡೇಟಾಬೇಸ್ ಎನ್ನುತ್ತಾರೆ. ಆ ಪುಸ್ತಕ ನಡುರಾತ್ರಿಯಲ್ಲೂ ಮುಚ್ಚದಂತೆ ಕಾಯುವುದು ನಮ್ಮ ಪಾಲಿಗೆ ಬಂದ ಕೆಲಸ. ‘ನಿಮ್ಮ ಕೆಲಸದ ವಿಚಾರವನ್ನೇ ಹೇಳಿ, ಆದರೆ ಎಲ್ಲರಿಗೂ ಅರ್ಥವಾಗಬೇಕು’ ಎಂದು ಸಮಿತಿಯವರು ಅಪ್ಪಣೆ ಮಾಡಿದರು. ಅಪ್ಪಣೆಯ ಮೊದಲರ್ಧ ಸುಲಭ, ಉತ್ತರಾರ್ಧವೇ ಕಷ್ಟ.

ಈ ಉಪನ್ಯಾಸದ ಸಿದ್ಧತೆಗೆಂದು ಕಳೆದ ತಿಂಗಳು ಬಂದಿದ್ದಾಗ ಮುಖ್ಯೋಪಾಧ್ಯಾಯರು ಕಪಾಟು ತೆರೆದು ಶಾಲೆಯ ಮೊದಲ ಪ್ರವೇಶ ಪುಸ್ತಕವನ್ನು ನಮ್ಮ ಮುಂದಿಟ್ಟರು. ಅದನ್ನು ಬರೆಯತೊಡಗಿದಾಗ ಈ ಊರು ಮದರಾಸು ಪ್ರಾಂತದ ದಕ್ಷಿಣ ಕೆನರಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಮೇಲಿನ ಮೊಹರುಗಳು ಬದಲಾಗುತ್ತ ಬಂದರೂ ಒಳಗಿನ ಹೆಸರುಗಳ ಸಾಲು ತಪ್ಪಲಿಲ್ಲ. ಇಂಥವರು ಇಂಥ ವರ್ಷ ಈ ನೆಲದಲ್ಲಿ ಕನ್ನಡದಲ್ಲಿ ಅಕ್ಷರ ಕಲಿತರು ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿ. ಪಿಂಚಣಿಗೆ ಜನನ ದಿನಾಂಕ ಬೇಕಾದ ಹಿರಿಯರು, ಕನ್ನಡ ಬಲ್ಲವರಿಗೆಂದು ಇರುವ ಹುದ್ದೆಗೆ ಅರ್ಜಿ ಹಾಕುವ ತರುಣರು, ಎಲ್ಲರೂ ಕೊನೆಗೆ ಅದರ ಬಳಿಗೇ ಬರಬೇಕು. ಅದಕ್ಕೆ ಎರಡನೆಯ ಪ್ರತಿಯಿಲ್ಲ. ಕೆಳಗಿನ ಮೂಲೆಗಳಲ್ಲಿ ಮಳೆಗಾಲಗಳ ಗುರುತು ಕಾಣಿಸುತ್ತದೆ.

ಶತಮಾನೋತ್ಸವದ ಅಂಗವಾಗಿ ಆ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ನಿರ್ಧಾರವಾಗಿದೆ. ಬಹಳ ಒಳ್ಳೆಯ ನಿರ್ಧಾರ. ಆದರೆ ಆ ದಿನ ಸಮಿತಿಯ ಹಿರಿಯರೊಬ್ಬರು ಒಂದು ಮಾತು ಕೇಳಿದರು: ‘ಕಂಪ್ಯೂಟರಿಗೆ ಹಾಕಿದ ಮೇಲೆ ಇನ್ನೇನು ಭಯ? ಒಂದು ಹಾಳಾದರೆ ಇನ್ನೊಂದು ಇರುತ್ತದಲ್ಲ?’ ಇಂದಿನ ನಮ್ಮ ಉಪನ್ಯಾಸ ಆ ಪ್ರಶ್ನೆಗೆ ಕೊಡುವ ಉತ್ತರ. ಇನ್ನೊಂದು ಇರುತ್ತದೆ, ನಿಜ. ತೊಡಕು ಶುರುವಾಗುವುದೇ ಅಲ್ಲಿಂದ.

ಮೊದಲು ಯಂತ್ರಗಳು ಈ ಕೆಲಸವನ್ನು ಹೇಗೆ ಮಾಡುತ್ತವೆ ಎಂದು ನೋಡೋಣ. ಹಿಂದಿನ ಕಾಲದ ಅಂಗಡಿಗಳಲ್ಲಿ ಎರಡು ಪುಸ್ತಕಗಳಿದ್ದುದು ಹಿರಿಯರಿಗೆ ನೆನಪಿರಬಹುದು. ನಡೆದ ವ್ಯವಹಾರವನ್ನು ನಡೆದ ಕ್ರಮದಲ್ಲೇ ದಿನವಹಿಯಲ್ಲಿ ಬರೆಯುತ್ತಿದ್ದರು, ಆಮೇಲೆ ಬಿಡುವಾದಾಗ ಅವರವರ ಖಾತೆಗೆ ಏರಿಸುತ್ತಿದ್ದರು. ಡೇಟಾಬೇಸ್ ಮಾಡುವುದೂ ಇದನ್ನೇ. ಯಾವ ಬದಲಾವಣೆಯನ್ನೇ ಆಗಲಿ ಮೊದಲು ತನ್ನ ದಿನವಹಿಯಲ್ಲಿ ಬರೆದು ಭದ್ರಪಡಿಸಿ, ಅನಂತರವೇ ‘ಆಯಿತು’ ಎಂದು ಉತ್ತರ ಕೊಡುತ್ತದೆ. ನಡುವೆ ಕರೆಂಟು ಹೋದರೆ, ಮತ್ತೆ ಎದ್ದಾಗ ದಿನವಹಿಯನ್ನು ಓದಿ ಖಾತೆಯನ್ನು ಸರಿಪಡಿಸಿಕೊಳ್ಳುತ್ತದೆ. ಈ ದಿನವಹಿಯ ಸಾಲುಗಳನ್ನೇ ತಂತಿಯ ಮೂಲಕ ಇನ್ನೊಂದು ಯಂತ್ರಕ್ಕೆ ಕಳುಹಿಸುತ್ತ ಹೋದರೆ, ಅದು ಅದೇ ಕ್ರಮದಲ್ಲಿ ಬರೆದುಕೊಂಡು ಮೊದಲನೆಯದರ ಪಡಿಯಚ್ಚಾಗುತ್ತದೆ. ಬರೆಯುವ ಅಧಿಕಾರವಿರುವುದು ಒಂದಕ್ಕೆ ಮಾತ್ರ. ಅದನ್ನು ಪ್ರಧಾನ ಯಂತ್ರ ಎನ್ನೋಣ. ನೋಡಿ ಬರೆದುಕೊಳ್ಳುವುದನ್ನು ಮೀಸಲು ಯಂತ್ರ ಎನ್ನೋಣ. ಪ್ರಧಾನ ಕೆಟ್ಟರೆ ಮೀಸಲಿಗೆ ಪಟ್ಟ ಕಟ್ಟುವುದನ್ನು ನಮ್ಮ ಭಾಷೆಯಲ್ಲಿ ಫೇಲ್‌ಓವರ್ ಎನ್ನುತ್ತಾರೆ. ಹೀಗೆ ಒಟ್ಟಾಗಿ ದುಡಿಯುವ ಯಂತ್ರಗಳ ತಂಡವೇ ಕ್ಲಸ್ಟರ್. ಹೊರಗಿನವರಿಗೆ ಈ ಬದಲಾವಣೆ ತಿಳಿಯಬಾರದು. ಅಂಗಡಿಯ ಬೋರ್ಡು ಅದೇ ಇದ್ದು ಗಲ್ಲಾದಲ್ಲಿ ಕುಳಿತವರು ಮಾತ್ರ ಬದಲಾದಂತೆ, ವಿಳಾಸ ಒಂದೇ ಇದ್ದು ಅದರ ಹಿಂದಿನ ಯಂತ್ರ ಬದಲಾಗುತ್ತದೆ.

ಇದಕ್ಕೆ ಇಷ್ಟೇಕೆ ಅವಸರ ಎನ್ನಬಹುದು. ನೂರಕ್ಕೆ 99.9ರಷ್ಟು ಹೊತ್ತು ತೆರೆದಿರುತ್ತೇವೆ ಎಂದು ಮಾತು ಕೊಟ್ಟ ಸೇವೆ, ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಮುಚ್ಚಿರಬಹುದು. 99.999 ಎಂದರೆ ವರ್ಷಕ್ಕೆ ಐದೂಕಾಲು ನಿಮಿಷ ಮಾತ್ರ. ನಡುರಾತ್ರಿ ಫೋನು ಹೊಡೆದುಕೊಂಡು, ನಾವು ಎದ್ದು, ಕನ್ನಡಕ ಹುಡುಕಿ, ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲೇ ಆ ಐದು ನಿಮಿಷ ಮುಗಿದಿರುತ್ತದೆ. ಆದುದರಿಂದ ನಿರ್ಧಾರವನ್ನು ಯಂತ್ರಗಳಿಗೇ ಬಿಡಬೇಕಾಗುತ್ತದೆ.

ಹಾಗಾದರೆ ಪ್ರಧಾನ ಯಂತ್ರ ಸತ್ತಿದೆ ಎಂದು ಮೀಸಲು ಯಂತ್ರ ತಿಳಿಯುವುದು ಹೇಗೆ? ಕ್ಷಣಕ್ಷಣಕ್ಕೂ ‘ಇದ್ದೇನೆ, ಇದ್ದೇನೆ’ ಎಂಬ ಸಂದೇಶ ಬರುತ್ತಿರುತ್ತದೆ. ಅದನ್ನು ಹೃದಯಬಡಿತ ಎನ್ನುತ್ತಾರೆ. ಅದು ನಿಂತಿತು ಎನ್ನಿ. ಪ್ರಧಾನ ಯಂತ್ರ ಸತ್ತಿರಬಹುದು. ಸಾಯದೆ ಕೆಲಸದ ಭಾರದಿಂದ ಉತ್ತರಿಸಲು ತಡಮಾಡುತ್ತಿರಬಹುದು. ಅದು ನೆಟ್ಟಗಿದ್ದು ನಡುವಿನ ತಂತಿ ಮಾತ್ರ ತುಂಡಾಗಿರಬಹುದು. ಈಚೆ ಕುಳಿತವರಿಗೆ ಮೂರೂ ಒಂದೇ ರೀತಿ ಕಾಣುತ್ತವೆ, ಮೌನವಾಗಿ. ಜೂನ್ ತಿಂಗಳ ಗಾಳಿಮಳೆಯ ರಾತ್ರಿ ದೂರದ ಮನೆಯ ಫೋನು ಎತ್ತದಿದ್ದರೆ, ಅಲ್ಲಿ ಏನೋ ಆಗಿಹೋಗಿದೆ ಎಂದು ಯಾರೂ ತೀರ್ಮಾನಿಸುವುದಿಲ್ಲ. ಲೈನು ಹೋಗಿರಬೇಕು ಎನ್ನುತ್ತೇವೆ. ಈ ವಿವೇಕವನ್ನು ಯಂತ್ರಕ್ಕೆ ಕಲಿಸುವುದು ಸುಲಭವಲ್ಲ. ಸಂದೇಶ ಎಷ್ಟು ತಡವಾಗಬಹುದೆಂಬುದಕ್ಕೆ ಮಿತಿಯೇ ಇಲ್ಲದಿದ್ದರೆ, ಒಂದು ಯಂತ್ರ ಕೆಡುವ ಸಾಧ್ಯತೆಯಿದ್ದರೂ ಸಾಕು, ಉಳಿದವು ಖಂಡಿತವಾಗಿ ಒಮ್ಮತಕ್ಕೆ ಬಂದೇ ಬರುತ್ತವೆ ಎಂಬ ಭರವಸೆ ಕೊಡುವ ವಿಧಾನವೇ ಇರಲಾರದು ಎಂದು ಫಿಶರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು 1985ರಲ್ಲಿ ಗಣಿತದಿಂದಲೇ ಸಾಧಿಸಿ ತೋರಿಸಿದರು. ವ್ಯವಹಾರದಲ್ಲಿ ನಾವು ಮಾಡುವುದೆಂದರೆ ಇಷ್ಟು ಹೊತ್ತು ಕಾಯೋಣ ಎಂದು ಒಂದು ಅವಧಿ ಗೊತ್ತುಮಾಡುವುದು. ಅವಧಿ ಕಡಿಮೆಯಾದರೆ ಬದುಕಿರುವವನಿಗೆ ತಿಥಿ ಮಾಡಿದಂತಾಗುತ್ತದೆ. ಹೆಚ್ಚಾದರೆ ಗಿರಾಕಿಗಳು ಬಾಗಿಲಲ್ಲಿ ಕಾಯುತ್ತಾರೆ.

ಬದುಕಿರುವವನಿಗೆ ತಿಥಿ ಮಾಡಿದರೆ ಏನಾಗುತ್ತದೆಂಬುದನ್ನು ಯಕ್ಷಗಾನ ನೋಡಿ ಬೆಳೆದ ನಮ್ಮವರಿಗೆ ವಿವರಿಸುವುದು ಕಷ್ಟವಲ್ಲ. ರಾತ್ರಿಯಿಡೀ ನಡೆಯುವ ಪ್ರಸಂಗದಲ್ಲಿ ಒಂದೇ ಪಾತ್ರವನ್ನು ಇಬ್ಬರು ಕಲಾವಿದರು ಹಂಚಿಕೊಳ್ಳುವುದುಂಟು. ಮೊದಲನೆಯವರು ಚೌಕಿಗೆ ಮರಳಿದ ಮೇಲೆಯೇ ಎರಡನೆಯವರು ರಂಗಕ್ಕೆ ಬರುತ್ತಾರೆ. ಹಾಗಲ್ಲದೆ, ಚೌಕಿಯಲ್ಲಿದ್ದವರು ‘ರಂಗದಿಂದ ಸದ್ದು ಕೇಳುತ್ತಿಲ್ಲ, ಮೊದಲನೆಯವರು ಬಿದ್ದರೋ ಏನೋ’ ಎಂದು ಭಾವಿಸಿ ಅದೇ ವೇಷದಲ್ಲಿ ನುಗ್ಗಿಬಿಟ್ಟರೆ? ಇಬ್ಬರೂ ತಾವೇ ಅರ್ಜುನನೆಂದು ಅರ್ಥ ಹೇಳತೊಡಗಿದರೆ? ಸಭಿಕರು ನಗಬಹುದು. ಡೇಟಾಬೇಸಿನಲ್ಲಿ ಹೀಗಾದರೆ ನಗುವವರಿಲ್ಲ. ಇದನ್ನು ಸ್ಪ್ಲಿಟ್ ಬ್ರೇನ್, ಅಂದರೆ ಇಬ್ಭಾಗವಾದ ಮಿದುಳು ಎನ್ನುತ್ತಾರೆ.

ನಾವು ಇದನ್ನು ಕಣ್ಣಾರೆ ಕಂಡಿದ್ದೇವೆ. ವೃತ್ತಿಯ ಆರಂಭದ ದಿನಗಳಲ್ಲಿ ಒಂದು ಸಂಸ್ಥೆಯ ಹಣ ಪಾವತಿಯ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದೆವು. ಅಲ್ಲಿ ಇದ್ದುದು ಎರಡೇ ಯಂತ್ರ. ಒಂದು ರಾತ್ರಿ ಎರಡರ ನಡುವಿನ ಕೇಬಲ್ ಸಡಿಲಾಯಿತು. ಪ್ರಧಾನ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು. ಮೀಸಲು ಯಂತ್ರ ತಾನೇ ಪ್ರಧಾನವೆಂದು ಘೋಷಿಸಿಕೊಂಡಿತು. ಎರಡು ಗಂಟೆಯಿಂದ ಐದು ಗಂಟೆಯವರೆಗೆ ಎರಡೂ ರಶೀದಿ ಕೊಟ್ಟವು, ಒಂದೇ ಕ್ರಮಸಂಖ್ಯೆಯ ರಶೀದಿಗಳನ್ನು ಬೇರೆಬೇರೆ ಜನರಿಗೆ. ಒಬ್ಬರ ಹಣ ಒಂದು ಪುಸ್ತಕದಲ್ಲಿ, ಇನ್ನೊಬ್ಬರದು ಇನ್ನೊಂದರಲ್ಲಿ. ಯಾವುದು ಸರಿ? ಎರಡೂ ಸರಿ. ಅದೇ ಸಂಕಟ. ಕೇಬಲ್ ಸಿಕ್ಕಿಸಲು ಒಂದು ನಿಮಿಷ ಸಾಕಾಯಿತು. ಎರಡು ಪುಸ್ತಕಗಳನ್ನು ಸಾಲುಸಾಲಾಗಿ ಕೂಡಿಸಿ ಒಂದು ಮಾಡಲು ಹನ್ನೊಂದು ದಿನ ಬೇಕಾಯಿತು. ಒಂದೇ ಯಂತ್ರವಿದ್ದು ಅದು ಆ ರಾತ್ರಿ ಕೆಟ್ಟು ನಿಂತಿದ್ದರೆ ಹಾನಿ ಎಷ್ಟೋ ಕಡಿಮೆಯಾಗುತ್ತಿತ್ತು.

ಇದಕ್ಕೆ ಪರಿಹಾರವನ್ನು ಹೊಸದಾಗಿ ಹುಡುಕಬೇಕಾಗಿರಲಿಲ್ಲ. ನಮ್ಮ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲೇ ಅದು ಇದೆ. ಕೋರಂ ಇಲ್ಲದೆ ಸಭೆ ತೆಗೆದುಕೊಂಡ ನಿರ್ಣಯಕ್ಕೆ ಬೆಲೆಯಿಲ್ಲ. ಯಂತ್ರಗಳ ಸಂಖ್ಯೆಯನ್ನು ಮೂರು ಮಾಡಿ, ಎರಡಾದರೂ ಒಪ್ಪದೆ ಯಾರೂ ಪ್ರಧಾನರಾಗಕೂಡದು ಎಂದು ಕಟ್ಟಳೆ ಮಾಡಿದರೆ ಸಾಕು. ತಂತಿ ಎಲ್ಲೇ ತುಂಡಾಗಲಿ, ಎರಡು ಬಣಗಳಲ್ಲಿ ಒಂದಕ್ಕೆ ಮಾತ್ರ ಬಹುಮತ ಸಿಗುತ್ತದೆ. ಅಲ್ಪಸಂಖ್ಯೆಯ ಕಡೆಯಲ್ಲಿ ಸಿಕ್ಕಿಕೊಂಡ ಯಂತ್ರ, ತಾನು ಎಷ್ಟೇ ಆರೋಗ್ಯವಾಗಿರಲಿ, ಲೇಖನಿ ಕೆಳಗಿಡಬೇಕು. ಎರಡು ಯಂತ್ರಗಳಲ್ಲಿ ಇದು ಸಾಧ್ಯವಿಲ್ಲ: ತಂತಿ ತುಂಡಾದರೆ ಎರಡೂ ಕಡೆ ಒಂದೊಂದೇ ಮತ. ಮೂರರಲ್ಲಿ ಒಂದು ಕೆಟ್ಟರೂ ನಡೆಯುತ್ತದೆ, ಐದರಲ್ಲಿ ಎರಡು ಕೆಟ್ಟರೂ ನಡೆಯುತ್ತದೆ. ನಾಲ್ಕರಿಂದ ಮೂರಕ್ಕಿಂತ ಹೆಚ್ಚಿನ ಲಾಭವಿಲ್ಲ, ಏಕೆಂದರೆ ನಾಲ್ಕರ ಬಹುಮತಕ್ಕೆ ಮೂರು ಬೇಕು. ಮಕ್ಕಳಿಗೆ ಇದೊಂದು ಒಳ್ಳೆಯ ಮನೆಲೆಕ್ಕ.

ಈ ಮತದಾನವನ್ನು ಶಾಸ್ತ್ರೀಯವಾಗಿ ರೂಪಿಸಿದವರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಮೊದಲಿಗರು. ಅವರ ಪ್ಯಾಕ್ಸೋಸ್ ಎಂಬ ವಿಧಾನದ ಪ್ರಬಂಧ ಪ್ರಕಟವಾದದ್ದು 1998ರಲ್ಲಿ. ಗ್ರೀಸಿನ ದ್ವೀಪವೊಂದರ ಕಾಲ್ಪನಿಕ ಶಾಸನಸಭೆಯ ಕಥೆಯಂತೆ ಅದನ್ನು ಬರೆದಿದ್ದರು, ಓದಿದವರಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಅರ್ಥವಾಗುವಂತಿರಬೇಕು ಎಂಬುದನ್ನೇ ಗುರಿಯಾಗಿಟ್ಟುಕೊಂಡು ಡಿಯೆಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ರಾಫ್ಟ್ ಎಂಬ ವಿಧಾನವನ್ನು ಮಂಡಿಸಿದರು. ಅದರಲ್ಲಿ ಪ್ರತಿ ನಾಯಕನ ಆಳ್ವಿಕೆಗೂ ಏರುತ್ತ ಹೋಗುವ ಒಂದು ಸಂಖ್ಯೆ ಇರುತ್ತದೆ. ಏಳನೆಯ ಆಳ್ವಿಕೆ ನಡೆಯುತ್ತಿರುವಾಗ ಆರನೆಯ ಆಳ್ವಿಕೆಯವನು ನಿದ್ದೆಯಿಂದೆದ್ದು ಆಜ್ಞೆ ಕೊಟ್ಟರೆ, ಉಳಿದವು ಸಂಖ್ಯೆ ನೋಡಿ ‘ನಿಮ್ಮ ಕಾಲ ಮುಗಿಯಿತು’ ಎನ್ನುತ್ತವೆ, ಅವನೂ ಒಪ್ಪಿ ಕೆಳಗಿಳಿಯುತ್ತಾನೆ. ಎಲ್ಲ ಅಭ್ಯರ್ಥಿಗಳೂ ಒಟ್ಟಿಗೇ ಎದ್ದು ಮತಗಳು ಹಂಚಿಹೋಗದಂತೆ, ಪ್ರತಿಯೊಂದೂ 150ರಿಂದ 300 ಮಿಲಿಸೆಕೆಂಡುಗಳ ನಡುವೆ ತನ್ನಷ್ಟಕ್ಕೆ ಒಂದು ಅವಧಿಯನ್ನು ಚೀಟಿ ಎತ್ತಿದಂತೆ ಆರಿಸಿಕೊಂಡು ಕಾಯುವ ಉಪಾಯವನ್ನೂ ಆ ಪ್ರಬಂಧ ಸೂಚಿಸುತ್ತದೆ.

ಕೆಳಗಿಳಿಯಲು ಒಪ್ಪದ ಹಳೆಯ ಯಂತ್ರಗಳ ವಿಷಯ ಬೇರೆ. ಅಂಥವುಗಳಿಗೆ ಹೊಸ ನಾಯಕ ಪಟ್ಟವೇರುವ ಮೊದಲೇ ಕರೆಂಟು ಕಡಿದುಬಿಡುವ ಪದ್ಧತಿಯಿದೆ. ಅದಕ್ಕೆ ಬೇಲಿ ಹಾಕುವುದು ಎಂಬ ಸೌಮ್ಯವಾದ ಹೆಸರಿದೆ. ಸ್ಟೋನಿತ್ ಎಂಬ ಇನ್ನೊಂದು ಹೆಸರೂ ಇದೆ. ಅದರ ಅರ್ಥವನ್ನು ಮಕ್ಕಳಿರುವ ಸಭೆಯಲ್ಲಿ ಬಿಡಿಸಿ ಹೇಳುವುದಿಲ್ಲ. ಗುಂಡು ಹೊಡೆಯುವುದಕ್ಕೆ ಸಂಬಂಧಿಸಿದ್ದು ಎಂದರೆ ಸಾಕು.

ಬಹುಮತವಿದ್ದರೆ ಎಲ್ಲವೂ ಸುರಕ್ಷಿತ ಎಂದುಕೊಳ್ಳುವಂತಿಲ್ಲ. ಇನ್ನೊಂದು ಗಂಟು ಇದೆ. ಪ್ರಧಾನ ಯಂತ್ರ ದಿನವಹಿಯ ಸಾಲನ್ನು ಮೀಸಲಿಗೆ ಕಳುಹಿಸಿದ ಮೇಲೆ, ಅದು ತಲುಪಿತೆಂಬ ಉತ್ತರಕ್ಕೆ ಕಾಯಬೇಕೇ, ಬೇಡವೇ? ಕಾದರೆ ಹಿಂದೆ ಇದ್ದ ಸ್ವೀಕೃತಿ ಸಮೇತ ರಿಜಿಸ್ಟರ್ಡ್ ಅಂಚೆಯಂತೆ ಭದ್ರ, ಆದರೆ ನಿಧಾನ. ಗಾಜಿನ ತಂತಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ನಾಲ್ಕು ಸಾವಿರ ಕಿಲೋಮೀಟರ್ ದೂರದ ಯಂತ್ರಕ್ಕೆ ಹೋಗಿ ಬರಲು ಕನಿಷ್ಠ 40 ಮಿಲಿಸೆಕೆಂಡು ಬೇಕು. ಒಂದು ಪುಟ ತೆರೆಯಲು ಇಂತಹ ಹತ್ತಾರು ಪ್ರಶ್ನೋತ್ತರಗಳು ನಡೆಯುವಲ್ಲಿ ಇದು ಸಣ್ಣದಲ್ಲ. ಕಾಯದಿದ್ದರೆ ಕೆಂಪು ಡಬ್ಬಿಗೆ ಹಾಕಿದ ಕಾರ್ಡಿನಂತೆ. ಬೇಗ ಮುಗಿಯುತ್ತದೆ, ಆದರೆ ಪ್ರಧಾನ ಸತ್ತ ಕ್ಷಣದಲ್ಲಿ ದಾರಿಯಲ್ಲಿದ್ದ ಸಾಲುಗಳು ಮೀಸಲಿನಲ್ಲಿ ಇರುವುದಿಲ್ಲ.

ಈ ಎರಡು ಗಂಟುಗಳೂ ಒಟ್ಟಿಗೆ ಬಿಗಿದ ಪ್ರಸಂಗವೊಂದನ್ನು ಹೇಳುತ್ತೇವೆ. ಜಗತ್ತಿನ ತಂತ್ರಾಂಶ ಬರಹಗಾರರು ತಮ್ಮ ಬರಹಗಳನ್ನು ಇಟ್ಟುಕೊಳ್ಳುವ ಭಂಡಾರ ಗಿಟ್‌ಹಬ್. ನಮ್ಮ ಗಡಿಯಾರದಲ್ಲಿ 2018ರ ಅಕ್ಟೋಬರ್ 22ರ ನಸುಕು, 4 ಗಂಟೆ 22 ನಿಮಿಷ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಅವರ ಜಾಲದ ಒಂದು ಉಪಕರಣವನ್ನು ಬದಲಿಸುವಾಗ, ಅಲ್ಲಿನ ಮುಖ್ಯ ಕೇಂದ್ರದ ಸಂಪರ್ಕ ತಪ್ಪಿತು. ತಪ್ಪಿದ್ದು ಕೇವಲ 43 ಸೆಕೆಂಡು. ಅಷ್ಟರಲ್ಲಿ ಉಳಿದೆಡೆಯ ಕಾವಲು ತಂತ್ರಾಂಶಗಳು ರಾಫ್ಟ್ ವಿಧಾನದಂತೆ ಮತ ಹಾಕಿ, ಕೋರಂ ಪೂರೈಸಿ, ಪಶ್ಚಿಮ ಕರಾವಳಿಯ ಡೇಟಾಬೇಸ್‌ಗಳಿಗೆ ಪಟ್ಟ ಕಟ್ಟಿದವು. ನಿಯಮದ ದೃಷ್ಟಿಯಿಂದ ಅವು ತಪ್ಪು ಮಾಡಲಿಲ್ಲ. ಆದರೆ ಪೂರ್ವದ ಯಂತ್ರಗಳಲ್ಲಿ ಕೆಲವು ಸೆಕೆಂಡುಗಳ ಬರಹಗಳು ಪಶ್ಚಿಮಕ್ಕೆ ತಲುಪದೆ ಉಳಿದಿದ್ದವು. ಇದು ಎಂಜಿನಿಯರುಗಳ ಗಮನಕ್ಕೆ ಬಂದು ವಿಚಾರ ಮಾಡುವ ಹೊತ್ತಿಗೆ ಪಶ್ಚಿಮದಲ್ಲಿ ಸುಮಾರು 40 ನಿಮಿಷಗಳ ಹೊಸ ಬರಹಗಳು ಸೇರಿದ್ದವು. ಈಗ ಹಿಂದಕ್ಕೆ ಹೋದರೆ ಆ 40 ನಿಮಿಷ ನಷ್ಟ, ಅಲ್ಲೇ ಉಳಿದರೆ ಪೂರ್ವದ ಕೆಲವು ಸೆಕೆಂಡು ನಷ್ಟ. ಜೊತೆಗೆ ಪೂರ್ವದಲ್ಲಿದ್ದ ಅನ್ವಯಗಳು ದೇಶದ ಆಚೆ ತುದಿಯ ಡೇಟಾಬೇಸಿಗೆ ಹೋಗಿಬರುವ ವಿಳಂಬವನ್ನು ತಾಳಲಾರದೆ ಏದುಸಿರು ಬಿಡುತ್ತಿದ್ದವು.

ಅವರು ಸೇವೆ ಕುಂಟಿದರೂ ಅಡ್ಡಿಯಿಲ್ಲ, ಒಂದಕ್ಷರವೂ ಕಳೆಯಬಾರದು ಎಂದು ತೀರ್ಮಾನಿಸಿದರು. ಬ್ಯಾಕಪ್ ಪ್ರತಿಗಳಿಂದ ಟೆರಾಬೈಟುಗಟ್ಟಲೆ ದತ್ತಾಂಶವನ್ನು ಮರಳಿ ತುಂಬಿ, ಎರಡೂ ಕಡೆಯನ್ನು ಸಮ ಮಾಡಿ ಮುಗಿಸುವಾಗ 24 ಗಂಟೆ 11 ನಿಮಿಷ ಕಳೆದಿತ್ತು. ಅವರ ಅತ್ಯಂತ ಬಿಡುವಿಲ್ಲದ ಕ್ಲಸ್ಟರುಗಳಲ್ಲೊಂದರಲ್ಲಿ ಹೀಗೆ ಪೂರ್ವದಲ್ಲೇ ಸಿಕ್ಕಿಕೊಂಡ ಬರಹಗಳ ಸಂಖ್ಯೆ 954. ಅಷ್ಟಕ್ಕಾಗಿ ಒಂದು ಇಡೀ ದಿನ! ನಮಗೆ ಅದು ದುಬಾರಿ ಎನಿಸುವುದಿಲ್ಲ. ಆ 954ರಲ್ಲಿ ಯಾರದೋ ಒಬ್ಬರ ಹೆಸರು ಇದ್ದೇ ಇರುತ್ತದೆ. ಆಮೇಲೆ ಅವರು ಮಾಡಿದ ಮೊದಲ ಬದಲಾವಣೆಗಳಲ್ಲಿ ಒಂದು, ಯಂತ್ರಗಳು ತಾವಾಗಿಯೇ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಪಟ್ಟ ಬದಲಿಸದಂತೆ ತಡೆದದ್ದು.

ಇನ್ನು ಮೀಸಲು ಪ್ರತಿಯೇ ಬ್ಯಾಕಪ್ ಎಂದು ತಿಳಿಯುವವರ ವಿಷಯ. ಮೀಸಲು ಯಂತ್ರ ಪ್ರಧಾನ ಮಾಡಿದ್ದನ್ನೆಲ್ಲ ಮಾಡುತ್ತದೆ. ಒಂದು ಹೆಸರನ್ನು ತಪ್ಪಾಗಿ ಅಳಿಸಿದರೆ, ಅದೂ ವಿಧೇಯತೆಯಿಂದ ಅಳಿಸುತ್ತದೆ. ಆದುದರಿಂದ ಆಗಾಗ ತೆಗೆದು ದೂರ ಇಟ್ಟ, ಮುಟ್ಟದ ಪ್ರತಿಯೊಂದು ಬೇಕೇ ಬೇಕು. ಗಿಟ್‌ಹಬ್‌ನಂತೆಯೇ ಬರಹಗಳನ್ನು ಕಾಯುವ ಗಿಟ್‌ಲ್ಯಾಬ್ ಎಂಬ ಇನ್ನೊಂದು ಸಂಸ್ಥೆಯಲ್ಲಿ 2017ರ ಜನವರಿ 31ರ ರಾತ್ರಿ, ಹಿಂದೆ ಬಿದ್ದಿದ್ದ ಮೀಸಲು ಯಂತ್ರವನ್ನು ಸರಿಪಡಿಸಲು ಅದರ ದತ್ತಾಂಶವನ್ನು ಅಳಿಸಹೊರಟ ಎಂಜಿನಿಯರೊಬ್ಬರು, ದಣಿವಿನ ಹೊತ್ತಿನಲ್ಲಿ, ಪ್ರಧಾನ ಯಂತ್ರದಲ್ಲಿ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ತಪ್ಪು ತಿಳಿದು ತಡೆದರು. ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ. ಸರಿ, ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ, ಬ್ಯಾಕಪ್ ಮಾಡುವ ತಂತ್ರಾಂಶ ಡೇಟಾಬೇಸಿಗಿಂತ ಹಳೆಯ ಆವೃತ್ತಿಯದಾಗಿದ್ದು ಪ್ರತಿ ಸಲವೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳೂ ದಾರಿಯಲ್ಲೇ ತಿರಸ್ಕೃತವಾಗುತ್ತಿದ್ದವು. ಯಾರೋ ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆ ಆರು ಗಂಟೆಗಳಲ್ಲಿ ಸೇರಿದ್ದು ಮರಳಲಿಲ್ಲ. ಇದನ್ನೆಲ್ಲ ಮುಚ್ಚಿಡದೆ, ದುರಸ್ತಿಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುತ್ತ ಮಾಡಿದ ಆ ತಂಡದ ಬಗ್ಗೆ ನಮಗೆ ಗೌರವವಿದೆ. ಆ ತಪ್ಪು ನಮ್ಮಿಂದ ಆಗಬಹುದಿತ್ತು.

ಈಗ ಪ್ರವೇಶ ಪುಸ್ತಕಕ್ಕೆ ಮರಳುತ್ತೇವೆ. ಶಾಲೆಗೆ ಐದು ಒಂಬತ್ತುಗಳ ಅಗತ್ಯವಿಲ್ಲ. ದಾಖಲೆ ಒಂದು ದಿನ ತಡವಾಗಿ ಸಿಕ್ಕರೂ ಯಾರಿಗೂ ನಷ್ಟವಿಲ್ಲ. ಅದು ತಪ್ಪಾಗಿ ಸಿಗಬಾರದು, ಇಲ್ಲವಾಗಬಾರದು. ಸಮಿತಿಯ ಮುಂದೆ ನಾವು ಇಟ್ಟಿರುವ ಸಲಹೆ ಹೀಗಿದೆ. ಕಾಗದದ ಪುಸ್ತಕವೇ ಪ್ರಧಾನ. ತಿದ್ದುಪಡಿ ಏನಿದ್ದರೂ ಮೊದಲು ಅಲ್ಲಿ, ಆಮೇಲೆ ಪ್ರತಿಗಳಲ್ಲಿ. ಎರಡೂ ಕಡೆ ತಿದ್ದಲು ಬಿಟ್ಟರೆ ಹನ್ನೊಂದು ದಿನಗಳ ಆ ಕೆಲಸ ನಮ್ಮ ಮೊಮ್ಮಕ್ಕಳ ತಲೆಗೆ ಬರುತ್ತದೆ. ಪ್ರತಿಗಳು ಒಂದೇ ಮಾಡಿನ ಕೆಳಗೆ ಇರಬಾರದು. ಕಪಾಟಿನ ಮೇಲಿನ ಹೆಂಚು ಒಡೆದರೆ ಪಕ್ಕದ ಕಂಪ್ಯೂಟರೂ ನೆನೆಯುತ್ತದೆ. ಮೂಲ ಪುಸ್ತಕ ನಷ್ಟವಾಯಿತು, ಇನ್ನು ಈ ಪ್ರತಿಯೇ ಮೂಲ ಎಂದು ಸಾರುವ ಅಧಿಕಾರ ಯಾರೊಬ್ಬರಿಗೂ ಇರಬಾರದು. ಮುಖ್ಯೋಪಾಧ್ಯಾಯರು, ವ್ಯವಸ್ಥಾಪಕರು, ರಕ್ಷಕ-ಶಿಕ್ಷಕ ಸಂಘದ ಅಧ್ಯಕ್ಷರು, ಈ ಮೂವರಲ್ಲಿ ಇಬ್ಬರಾದರೂ ಬರಹದಲ್ಲಿ ಒಪ್ಪಬೇಕು. ವರ್ಷಕ್ಕೊಮ್ಮೆ, ಜೂನ್‌ನಲ್ಲಿ ಶಾಲೆ ತೆರೆಯುವ ವಾರ, ಚೀಟಿ ಎತ್ತಿ ಇಪ್ಪತ್ತು ಹೆಸರುಗಳನ್ನು ಆರಿಸಿ ಪ್ರತಿಯೊಂದು ನಕಲಿನಲ್ಲೂ ತೆರೆದು ತಾಳೆ ನೋಡಬೇಕು. ಖರ್ಚು ಒಂದು ಮಧ್ಯಾಹ್ನ, ಮತ್ತು ಚಹಾ.

ಕೊನೆಯದಾಗಿ ಒಂದು ಕೋರಿಕೆ. ಮಾದರಿಗೆಂದು ಕಂಪ್ಯೂಟರಿಗೆ ಏರಿಸಿದ ಹತ್ತು ಪುಟಗಳಲ್ಲಿ ನಮ್ಮಿಬ್ಬರ ಹೆಸರುಗಳೂ ಇವೆ, ಬೆಂಚಿನಲ್ಲಿದ್ದಂತೆಯೇ ಅಕ್ಕಪಕ್ಕ. ಕುತೂಹಲದಿಂದ ನೋಡಿದೆವು. ನಮ್ಮಲ್ಲೊಬ್ಬರ ಜನನ ದಿನಾಂಕದಲ್ಲಿ ತಿಂಗಳು ದಿನವಾಗಿ, ದಿನ ತಿಂಗಳಾಗಿ, ಜುಲೈ 4 ಎಂಬುದು ಏಪ್ರಿಲ್ 7 ಆಗಿದೆ. ಹೀಗೆಯೇ ಬಿಟ್ಟಿದ್ದರೆ ಮೂರು ಕಡೆಯೂ ಅದೇ ತಪ್ಪು ಒಂದಿಷ್ಟೂ ಕೆಡದೆ ಭದ್ರವಾಗಿ ಉಳಿಯುತ್ತಿತ್ತು. ಮುಖ್ಯೋಪಾಧ್ಯಾಯರು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದಾರೆ. ಉಳಿದ ಪುಟಗಳನ್ನು ತಾಳೆ ನೋಡುವ ಕೆಲಸ ಮುಂದಿನ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಅಧ್ಯಾಪಕರ ಕೊಠಡಿಯಲ್ಲಿ ಶುರುವಾಗುತ್ತದೆ. ಆರಂಭದ ವರ್ಷಗಳ ಮೋಡಿ ಬರಹವನ್ನು ಓದಲು ನಮಗೆ ಬಾರದು. ಅದನ್ನು ಓದಬಲ್ಲ ಹಿರಿಯರು ಕನ್ನಡಕ ತರಲು ಮರೆಯದೆ ಬಂದರೆ ಉಪಕಾರವಾಗುತ್ತದೆ.